ಸೂಜಿ ಚುಚ್ಚದೆ ದಡಾರ ಪತ್ತೆ ಮಾಡಬಹುದಾ?

ಪ್ರಶ್ನೆ: ನಮ್ಮ ಸುತ್ತಮುತ್ತ ದಡಾರ ಹಬ್ಬಿದೆ. 3 ವರ್ಷದ ಮಗನಿಗೆ ಜ್ವರ, ಕೆಮ್ಮು ಇತ್ತು, ನಿನ್ನೆಯಿಂದ ದದ್ದು ಎದ್ದಿದೆ. ಸೂಜಿ ಕಂಡರೆ ಕಿರುಚಾಡುತ್ತಾನೆ. ಎಂಜಲಿನಿಂದಲೇ ಪರೀಕ್ಷೆ ಮಾಡುತ್ತಾರಂತೆ, ನಂಬಬಹುದಾ?

ಉತ್ತರ: ನಂಬಬಹುದು. ಬ್ರಿಟನ್‌ನಲ್ಲಿ 1994ರಿಂದ ಈ ಪರೀಕ್ಷೆ ಬಳಕೆಯಲ್ಲಿದೆ. ಆದರೆ ಬೇಕಾಗಿರುವುದು ಬರೀ ಎಂಜಲಲ್ಲ. ಹಲ್ಲು, ವಸಡು ಕೂಡುವ ಕಡೆ ಸಣ್ಣಗೆ ನೀರು ಒಸರುತ್ತಿರುತ್ತದೆ, ರೋಗದ ವಿರುದ್ಧ ಮೈ ತಯಾರಿಸುವ ಆಂಟಿಬಾಡಿ ರಕ್ತದಿಂದ ಸ್ವಲ್ಪ ಮಟ್ಟಿಗೆ ಅಲ್ಲಿಗೂ ಬಂದಿರುತ್ತದೆ, ಪರೀಕ್ಷೆಯಲ್ಲಿ ಹುಡುಕುವುದು ಅದನ್ನೇ. ತುದಿಯಲ್ಲಿ ಪುಟ್ಟ ಸ್ಪಂಜು ಇರುವ ಕಡ್ಡಿಯನ್ನು ವಸಡಿನ ಉದ್ದಕ್ಕೂ, ಹಲ್ಲುಜ್ಜಿದ ಹಾಗೆ, ಒಂದೂವರೆ ನಿಮಿಷದಷ್ಟು ಮೆತ್ತಗೆ ಉಜ್ಜಬೇಕು. ಸ್ಪಂಜು ಚೆನ್ನಾಗಿ ಒದ್ದೆಯಾಗಬೇಕು. ಮಗು ಒದ್ದಾಡುತ್ತದೆ ಅಂತ ನಾಲ್ಕೇ ಸೆಕೆಂಡಿಗೆ ತೆಗೆದುಬಿಟ್ಟರೆ ಲ್ಯಾಬಿನವರು ಎಷ್ಟೇ ಕಷ್ಟಪಟ್ಟರೂ ಅದರಿಂದ ಏನೂ ಸಿಗುವುದಿಲ್ಲ. ತೊಡೆ ಮೇಲೆ ಕೂರಿಸಿಕೊಂಡು ನೀವೇ ಉಜ್ಜಬಹುದು, ಅಮ್ಮನ ಕೈಗೆ ಮಕ್ಕಳು ಬೇಗ ಬಾಯಿ ತೆರೆಯುತ್ತವೆ.

ಇಲ್ಲಿ ದಿನದ ಲೆಕ್ಕ ತುಂಬಾ ಮುಖ್ಯ. ದಡಾರ ಬಂದಾಗ ಮೈ ಮೊದಲು ತಯಾರಿಸುವ ಆಂಟಿಬಾಡಿ ಐಜಿಎಂ. ದದ್ದು ಎದ್ದ ಮೊದಲ 3 ದಿನ ಅದು ರಕ್ತದಲ್ಲೂ ಕೆಲವರಿಗೆ ಸಿಗುವುದಿಲ್ಲ. ನಿಮ್ಮ ಮಗನಿಗೆ ಈಗ ಎರಡನೇ ದಿನ, ಅಲ್ವಾ? ಹಾಗಾಗಿ ಐಜಿಎಂ ನೆಗೆಟಿವ್ ಬಂದರೆ ದಡಾರ ಅಲ್ಲ ಅಂತ ನಿರಾಳವಾಗಬೇಡಿ. ಈಗ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಒಳ್ಳೆಯದು. ಅದಕ್ಕೆ ಗಂಟಲ ಸ್ವಾಬ್ ಸಾಕು, ವಸಡಿನ ಸ್ಪಂಜೂ ಆಗುತ್ತದೆ. ಈ ಮೊದಲ ದಿನಗಳಲ್ಲಿ ವೈರಸ್ ಜಾಸ್ತಿ ಇರುತ್ತದೆ, ತಡ ಮಾಡಿದಷ್ಟೂ ಕಮ್ಮಿಯಾಗುತ್ತದೆ.

ಇತ್ತೀಚೆಗೆ ದಡಾರದ ಲಸಿಕೆ ಹಾಕಿಸಿದ್ದರೆ ಮರೆಯದೆ ಹೇಳಿ. ಲಸಿಕೆಯಿಂದಲೂ ಐಜಿಎಂ ಪಾಸಿಟಿವ್ ಬರುತ್ತದೆ. ಅದು ಲಸಿಕೆಯ ವೈರಸ್ಸೋ, ಊರಲ್ಲಿ ಹಬ್ಬಿರುವುದೋ ಅಂತ ಬೇರೆ ಮಾಡಿ ನೋಡುವ ಪರೀಕ್ಷೆ ಇದೆ.

ಸ್ಪಂಜಿನ ಪರೀಕ್ಷೆ ಎಲ್ಲಾ ಕಡೆ ಸಿಗುವುದಿಲ್ಲ. ಡಾಕ್ಟರು ರಕ್ತವೇ ಬೇಕು ಅಂದರೆ ದಯವಿಟ್ಟು ಬೇಡ ಅನ್ನಬೇಡಿ. ಇನ್ನೊಂದು ಮಾತು: ಹಬ್ಬಿರುವಾಗ ಕೆಲವು ಮಕ್ಕಳದ್ದು ಲ್ಯಾಬಿನಲ್ಲಿ ಖಚಿತವಾದ ಮೇಲೆ, ಅವರ ಒಡನಾಟದಲ್ಲಿದ್ದವರಿಗೆ ಇದೇ ಲಕ್ಷಣ ಬಂದರೆ ಪರೀಕ್ಷೆ ಇಲ್ಲದೆಯೇ ದಡಾರ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಡಾಕ್ಟರು ನಿಮ್ಮ ಮಗನಿಗೆ ಪರೀಕ್ಷೆ ಬೇಡ ಅಂದರೆ ಅದು ಅಸಡ್ಡೆಯಲ್ಲ.

ರಿಪೋರ್ಟಿಗೆ ಕಾಯಬೇಡಿ, ಇವತ್ತಿನಿಂದಲೇ ಅವನನ್ನು ಬೇರೆ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇಡಿ. ದದ್ದು ಎದ್ದ ಮೇಲೆ 4 ದಿನದವರೆಗೆ ಸೋಂಕು ಹರಡುತ್ತದೆ. ಆಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಿ ದಡಾರದ ಅನುಮಾನ ಇದೆ ಅಂತ ತಿಳಿಸಿ, ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ಉಸಿರಾಡಲು ಕಷ್ಟಪಟ್ಟರೆ, ನೀರೂ ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ತಕ್ಷಣ ಹೊರಡಿ.