ಮಂಗಳೂರಿನಲ್ಲಿ ಜನ ಬೀದಿಯಲ್ಲಿ ಮಲಗುವುದಕ್ಕೆಲ್ಲ ಸಂಸಾರ ಒಡೆದದ್ದೇ ಕಾರಣವೇ?

ಎಲ್ಲರ ವಿಷಯದಲ್ಲೂ ಅಲ್ಲ. ರಾತ್ರಿ ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ ಕಡೆ ಅಂಗಡಿ ಜಗಲಿಯ ಮೇಲೆ ಮಲಗುವವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆಯಿಂದ ಕೂಲಿಗೆ ಬಂದವರೂ ಇರುತ್ತಾರೆ. ಅವರಿಗೆ ಊರಲ್ಲಿ ಮನೆ, ಹೆಂಡತಿ, ಮಕ್ಕಳು ಎಲ್ಲ ಇದ್ದಾರೆ. ಇಲ್ಲಿನ ರೂಮಿನ ಅಡ್ವಾನ್ಸ್ ಕೈಗೆಟುಕುವುದಿಲ್ಲ, ದುಡಿದದ್ದನ್ನು ಮನೆಗೂ ಕಳಿಸಬೇಕು.

ಉಳಿದವರ ಕಥೆ ಬೇರೆ. ಕುಡಿತ, ಮಾನಸಿಕ ಕಾಯಿಲೆ, ಗಂಡನ ಹೊಡೆತ, ಪಾಲಿನ ಜಗಳ. ಆದರೆ ಹೆಚ್ಚಿನವರು ಒಂದೇ ಏಟಿಗೆ ಬೀದಿಗೆ ಬರುವುದಿಲ್ಲ. ಮೊದಲು ಕೆಲಸ ಹೋಗುತ್ತದೆ, ಸಾಲ ಏರುತ್ತದೆ, ಮನೆಯಲ್ಲಿ ಮಾತು ನಿಲ್ಲುತ್ತದೆ. ತಂಗಿ ಮನೆಯಲ್ಲಿ ನಾಲ್ಕು ದಿನ, ದೋಸ್ತಿಯ ರೂಮಲ್ಲಿ ನಾಲ್ಕು ದಿನ, ಆಮೇಲೆ ರೈಲ್ವೆ ಸ್ಟೇಷನ್. ಅಂದರೆ ಸಂಸಾರ ಒಡೆದದ್ದಕ್ಕೇ ದುಡ್ಡಿನ ತಾಪತ್ರಯ ಕಾರಣ ಆಗಿರಬಹುದು, ಅಲ್ವಾ? ಸುಮ್ನೆ 'ಮಕ್ಕಳು ಕೆಟ್ಟವರು' ಅಂದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ.

ಹಿರಿಯರ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಜಾಸ್ತಿ ಬೇಕು. ಇದ್ದ ಒಂದು ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು, ಆಮೇಲೆ ಅದೇ ಮನೆಯಿಂದ ಹೊರಬೀಳುವುದುಂಟು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿದ್ದು, ಮಗ ನೋಡಿಕೊಳ್ಳದೇ ಹೋದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಂಥ ಪತ್ರವನ್ನು ರದ್ದು ಮಾಡಿಸಬಹುದು. 'ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು' ಎಂಬ ಆ ಷರತ್ತು ಪತ್ರದಲ್ಲೇ ಇದ್ದರೆ ಕೆಲಸ ಸಲೀಸು, ಇಲ್ಲದಿದ್ದರೆ ಕಷ್ಟ. ಬರೆಸುವಾಗಲೇ ಸೇರಿಸಿ, ನಾಚಿಕೆ ಬೇಡ. ಅರ್ಜಿ ಕೊಡಬೇಕಾದ್ದು ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ: ಮಂಗಳೂರಿನವರಿಗೆ ಮಂಗಳೂರಲ್ಲೇ, ಉಡುಪಿಯವರಿಗೆ ಕುಂದಾಪುರದಲ್ಲಿ. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.