ಮೈಸೂರು ಅರಸರ ಹೆಸರಿನಲ್ಲಿರುವ 'ಒಡೆಯರ್' ಎಂದರೇನು? ಅದು ಮನೆತನದ ಹೆಸರೋ, ಬಿರುದೋ?

ಮೂಲತಃ ಬಿರುದೇ. ಒಡೆಯ ಎಂದರೆ ಯಜಮಾನ, ಒಡೆತನ ಉಳ್ಳವನು. ಕೊನೆಯ 'ರ್' ಗೌರವಕ್ಕೆ. ಇದು ಮೈಸೂರಿನವರಿಗಷ್ಟೇ ಮೀಸಲಾಗಿರಲಿಲ್ಲ. ವಿಜಯನಗರದ ರಾಜಕುಮಾರ ಕಂಪಣ್ಣನೂ ಒಡೆಯರೇ, ವೀರಶೈವ ಜಂಗಮರನ್ನೂ ಹಾಗೆ ಕರೆಯುವುದುಂಟು. ಮಂಡ್ಯದ ಕಡೆ ಹಿರಿಯರು ದೇವರ ಮುಂದೆ ಕೈಮುಗಿದು 'ಕಾಪಾಡು ಒಡೆಯಾ' ಅನ್ನುವುದೂ ಇದೇ ಮಾತು.

1399ರಲ್ಲಿ ಯದುರಾಯರಿಂದ ವಂಶ ಶುರುವಾಯಿತೆಂಬುದು ಪರಂಪರೆಯ ಲೆಕ್ಕ. ಆರಂಭದಲ್ಲಿ ಅವರು ಮಹಾರಾಜರೇನಲ್ಲ, ವಿಜಯನಗರಕ್ಕೆ ಅಧೀನರಾದ ಸಣ್ಣ ಪಾಳೆಯಗಾರರು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಬಿರುದಿನ ತೂಕವೇ ಬದಲಾಯಿತು. 'ವಾಡಿಯಾರ್', 'ವೊಡೆಯಾರ್' ಎಲ್ಲ ಇಂಗ್ಲಿಷ್ ಕಾಗುಣಿತದ ಕಾಟ, ಅಷ್ಟೇ.

1971ರ ಸಂವಿಧಾನ ತಿದ್ದುಪಡಿ ರಾಜಪದವಿಯ ಮಾನ್ಯತೆ ಕಿತ್ತುಹಾಕಿತು. ಒಡೆಯರ್ ಮಾತ್ರ ಮನೆತನದ ಹೆಸರಾಗಿ ಮುಂದುವರಿದಿದೆ.