ಆರನೇ ಪುಟದ ಪರದೆ

ನಮಸ್ಕಾರ.

ಲಡಾಖಿನ ಹಾನ್ಲೆ ಪ್ರವಾಸದ ಬಗ್ಗೆ ನೀವು ಕಳಿಸಿದ ‘ನಕ್ಷತ್ರಗಳ ಮಡಿಲಲ್ಲಿ ಮೂರು ರಾತ್ರಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ. ಒಟ್ಟು ಎಂಟು ಪುಟ. ಅದರಲ್ಲಿ ಮೂರು ಪುಟ ವಿಮಾನದ ಟಿಕೆಟ್, ಲೇಹ್‌ನ ಹೋಟೆಲ್, ದಾರಿಯಲ್ಲಿ ತಿಂದ ಮ್ಯಾಗಿ. ಹಾನ್ಲೆ ಬರುವಷ್ಟರಲ್ಲಿ ಓದುವವರು ನಿಮ್ಮ ಜೀಪಿನಿಂದ ಇಳಿದು ಹೋಗಿರುತ್ತಾರೆ. ‘ಕಪ್ಪು ರೇಷ್ಮೆಯ ಮೇಲೆ ವಜ್ರ ಚೆಲ್ಲಿದಂತೆ’ ಅಂತ ಮೂರು ಕಡೆ ಬರೆದಿದ್ದೀರಿ. ವಜ್ರ ಚೆಲ್ಲಿದ ಆಕಾಶ ನಮಗೆ ತಿಂಗಳಿಗೆ ನಾಲ್ಕಾದರೂ ಅಂಚೆಯಲ್ಲಿ ಬರುತ್ತದೆ.

ವಜ್ರವನ್ನಾದರೂ ಸಹಿಸಿಕೊಂಡೆ. ‘ನಕ್ಷತ್ರಗಳು ಮಿಣಮಿಣ ಮಿನುಗುತ್ತಿದ್ದವು’ ಎಂಬಲ್ಲಿ ಪೆನ್ಸಿಲ್ ನಿಂತಿತು. ನಕ್ಷತ್ರ ಮಿನುಗುವುದು ನಮ್ಮ ತಲೆಯ ಮೇಲಿನ ಗಾಳಿ ಕದಡುವುದರಿಂದ. ಹಾಡು ಕಟ್ಟುವವರಿಗೆ ಅದು ಚಂದ, ದೂರದರ್ಶಕದವರಿಗೆ ತಲೆನೋವು. ಚಿತ್ರ ಕಲಸಿಹೋಗುತ್ತದೆ. ಗಾಳಿ ತೆಳುವಾಗಿ, ಒಣಗಿ, ಆದಷ್ಟು ಅಲುಗದೆ ಇರುವ ಜಾಗ ಬೇಕು ಅಂತಲೇ ಹಾನ್ಲೆಯ ವೀಕ್ಷಣಾಲಯದವರು 4,500 ಮೀಟರ್ ಎತ್ತರದ ಆ ಗುಡ್ಡ ಹತ್ತಿದ್ದು. ಅಲ್ಲಿ ನಿಂತ ನಿಮಗೂ ನಕ್ಷತ್ರಗಳು ನಮ್ಮೂರಿನ ಹಾಗೆಯೇ ಮಿನುಗಿದವೇ? ಇಲ್ಲ, ನಕ್ಷತ್ರ ಅಂದ ಕೂಡಲೇ ಕೈ ತಾನಾಗಿ ‘ಮಿನುಗು’ ಅಂತ ಬರೆದುಬಿಟ್ಟಿತೇ? ನನ್ನ ಅನುಮಾನ ಕೈಯ ಮೇಲೆ.

ಇನ್ನೊಂದು ಕಡೆ ಅನ್ನ ಸರಿಯಾಗಿ ಬೆಂದಿರಲಿಲ್ಲ ಅಂತ ಗೊಣಗಿದ್ದೀರಿ. ಅಷ್ಟು ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿಟ್ಟರೆ ಅಕ್ಕಿ ಬೇಯಲು ಒದ್ದಾಡುತ್ತದೆ, ಕುಕ್ಕರ್ ಬೇಕು. ನಿಮ್ಮ ಅನ್ನ ಕೆಡಿಸಿದ ಆ ತೆಳು ಗಾಳಿಯನ್ನೇ ಹುಡುಕಿಕೊಂಡು ದೂರದರ್ಶಕ ಅಲ್ಲಿಗೆ ಹೋಗಿದ್ದು! ಎರಡನ್ನೂ ನೀವು ಒಂದೇ ದಿನ ಕಂಡಿದ್ದೀರಿ. ಒಂದನ್ನು ನಾಲ್ಕನೇ ಪುಟದಲ್ಲಿ, ಇನ್ನೊಂದನ್ನು ಏಳನೇ ಪುಟದಲ್ಲಿ ಇಟ್ಟು ಮರೆತಿದ್ದೀರಿ.

ಸಣ್ಣಪುಟ್ಟ ತಪ್ಪುಗಳು ಬೇಗ ಹೇಳಿ ಮುಗಿಸುತ್ತೇನೆ. ‘ಜಗತ್ತಿನಲ್ಲೇ ಅತಿ ಎತ್ತರದ ವೀಕ್ಷಣಾಲಯ’ ಅಲ್ಲ. ಚಿಲಿಯಲ್ಲಿ 5,640 ಮೀಟರ್ ಎತ್ತರದಲ್ಲಿ ಒಂದಿದೆ. ನೀವು ಕಂಡದ್ದು ಕಾಡುಕುದುರೆ ಅಲ್ಲ, ಕಿಯಾಂಗ್. ಕಾಡುಕತ್ತೆಯ ಜಾತಿ. ಕತ್ತೆ ಅಂದರೆ ಅದರ ಅಂದವೇನೂ ಕಡಿಮೆಯಾಗುವುದಿಲ್ಲ. ಕಪ್ಪು ಕೊರಳಿನ ಆ ದೊಡ್ಡ ಹಕ್ಕಿ ಕೊಕ್ಕರೆ ಅಲ್ಲ, ಕ್ರೌಂಚ. ‘ತಲೆಯ ಹಿಂದೆ ಎರಡು ಕಪ್ಪು ಗೆರೆ ಇದ್ದ ಯಾವುದೋ ಬಾತುಕೋಳಿ’ ಅಂದಿದ್ದೀರಲ್ಲ, ಅದನ್ನು ಮಾತ್ರ ಚೆನ್ನಾಗಿ ನೋಡಿದ್ದೀರಿ. ಅದು ಪಟ್ಟೆತಲೆ ಹೆಬ್ಬಾತು. ಬೇಸಿಗೆಯಲ್ಲಿ ಲಡಾಖಿನ ಸರೋವರಗಳ ಹತ್ತಿರ ಮರಿ ಮಾಡುವ ಹಕ್ಕಿ. ಇದೇ ಜಾತಿಯವು ಚಳಿಗಾಲದಲ್ಲಿ ಹಿಂಡುಹಿಂಡಾಗಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. ಹೆಸರು ಹುಡುಕಿದ್ದರೆ ಈ ಸಂಗತಿ ನಿಮಗೇ ಸಿಗುತ್ತಿತ್ತು.

ನಿಮ್ಮ ವಿಳಾಸ ನೋಡಿ ಮಾತ್ರ ನಗು ತಡೆಯಲಾಗಲಿಲ್ಲ. ‘ಕೊರೆಯುವ ಚಳಿಯಲ್ಲಿ, ಬೆಟ್ಟದ ತುದಿಯಲ್ಲಿ, ವಿಜ್ಞಾನಿಯೊಬ್ಬ ದೂರದರ್ಶಕಕ್ಕೆ ಕಣ್ಣಿಟ್ಟು ರಾತ್ರಿಯಿಡೀ ಕೂತಿರುತ್ತಾನೆ’ ಅಂತ ಬರೆದಿದ್ದೀರಿ. ಯಾರೂ ಕೂತಿರುವುದಿಲ್ಲ. ಅಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪಿನ 2 ಮೀಟರ್ ಕನ್ನಡಿ ಹಿಡಿದ ಬೆಳಕು ಕಣ್ಣಿಗೆ ಅಲ್ಲ, ಕ್ಯಾಮೆರಾಕ್ಕೆ ಹೋಗುತ್ತದೆ. ಬೆಟ್ಟದ ಮೇಲೆ ಯಂತ್ರ ನೋಡಿಕೊಳ್ಳುವ ಸಿಬ್ಬಂದಿ ಇದ್ದಾರೆ, ನಿಜ. ಆದರೆ ಅದನ್ನು ಯಾವ ನಕ್ಷತ್ರದ ಕಡೆ ತಿರುಗಿಸಬೇಕು ಅಂತ ಉಪಗ್ರಹದ ಮೂಲಕ ಹೇಳುವುದು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಹೊಸಕೋಟೆ ಕೇಂದ್ರದಿಂದ. 2001ರಿಂದಲೂ ಹೀಗೇ. ಹೊಸಕೋಟೆಯಲ್ಲಿ ಧೋ ಅಂತ ಮಳೆ ಸುರಿಯುತ್ತಿದ್ದರೂ ಅವರ ಪರದೆಯ ಮೇಲಿರುವುದು ಲಡಾಖಿನ ಆಕಾಶ. ಲೇಖನದ ಕೆಳಗೆ ನೀವು ಕೊಟ್ಟ ವಿಳಾಸ: ಹೊಸಕೋಟೆ! ಇಷ್ಟು ಚಂದದ ಸಂಗತಿಯನ್ನು ಮನೆ ಬಾಗಿಲಲ್ಲೇ ಬಿಟ್ಟು ವಿಮಾನ ಹತ್ತಿದಿರಲ್ಲ, ಮಾರಾಯರೇ.

ಈಗ ಆರನೇ ಪುಟ. ನಿಮ್ಮದೇ ಸಾಲುಗಳು: ‘ರಾತ್ರಿ ಬಚ್ಚಲಿಗೆ ಹೋಗಲು ಮೊಬೈಲ್ ಟಾರ್ಚ್ ಹಾಕಿ ಅಂಗಳಕ್ಕೆ ಬಂದೆ. ಮನೆಯೊಡತಿ ಓಡಿಬಂದು ಅದನ್ನು ಅಂಗೈಯಿಂದ ಮುಚ್ಚಿದರು. ಆಮೇಲೆ ನನ್ನ ಕೋಣೆಯ ದಪ್ಪ ಪರದೆ ಎಳೆದು, ಸಂದಿಗೆ ಟವೆಲ್ ತುರುಕಿದರು. ನನಗೆ ಸ್ವಲ್ಪ ಸಿಟ್ಟೇ ಬಂತು.’

ಎಷ್ಟು ಚೆನ್ನಾಗಿದೆ! ಒಂದೂ ವಜ್ರವಿಲ್ಲ. ಸಿಟ್ಟು ಬಂತು ಅಂತ ಒಪ್ಪಿಕೊಂಡಿದ್ದೀರಿ, ಅದಂತೂ ಇನ್ನೂ ಇಷ್ಟವಾಯಿತು. ಆದರೆ ಮುಂದಿನ ಸಾಲಿನಲ್ಲೇ ಮತ್ತೆ ಹಾಲುಹಾದಿಗೆ ಹಾರಿದಿರಿ. ಯಾಕೆ? ಆ ಟವೆಲ್ ಅಲ್ಲಿಗೆ ಯಾಕೆ ಬಂತು ಅಂತ ಹೇಳದೆ ಹೋದಿರಿ. ಹಾನ್ಲೆಯ ಸುತ್ತ ಸುಮಾರು 1,073 ಚದರ ಕಿಲೋಮೀಟರ್ ಜಾಗವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲೆ ಆಕಾಶದ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಊರಿನವರು ಕಿಟಕಿಗೆ ದಪ್ಪ ಪರದೆ ಹಾಕುತ್ತಾರೆ. ದೀಪದ ಬೆಳಕು ಮೇಲಕ್ಕೆ ಹೋಗದಂತೆ ನೋಡಿಕೊಳ್ಳುತ್ತಾರೆ. ಹಳ್ಳಿಯ ಕೆಲವರು ಸಣ್ಣ ದೂರದರ್ಶಕ ನಡೆಸಲು ಕಲಿತು, ಊರಿಗೆ ಬಂದವರಿಗೆ ಆಕಾಶ ತೋರಿಸುತ್ತಾರೆ. ಕತ್ತಲೆ ಅಲ್ಲಿ ಸುಮ್ನೆ ಬಿದ್ದಿಲ್ಲ. ಬೆಳೆ ಕಾಯುವ ಹಾಗೆ ಅದನ್ನು ಕಾಯುತ್ತಿದ್ದಾರೆ. ನೀವು ಟಾರ್ಚ್ ಹಿಡಿದು ಹೊಲಕ್ಕೆ ನುಗ್ಗಿದ ದನ.

ಇಷ್ಟೆಲ್ಲ ಮಾಡುವವರನ್ನು ನೀವು ‘ಮುಗ್ಧ ಜನ’ ಎಂಬ ಎರಡು ಪದದಲ್ಲಿ ಮುಗಿಸಿದ್ದೀರಿ. ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯಲ್ಲಿ ಪಶ್ಮೀನಾ ಮೇಕೆ ಸಾಕುವ ಚಾಂಗ್ಪಾ ಜನ ಮುಗ್ಧರಾಗಿದ್ದರೆ ಒಂದು ಮೇಕೆಯೂ ಉಳಿಯುತ್ತಿರಲಿಲ್ಲ. ಆ ಪದ ಹೊಡೆದುಹಾಕಿದ್ದೇನೆ.

ಹಾಗಾಗಿ ಪರದೆಯಿಂದಲೇ ಶುರು ಮಾಡಿ. ಟಾರ್ಚ್, ಅಂಗೈ, ಟವೆಲ್, ನಿಮ್ಮ ಸಿಟ್ಟು. ಆಮೇಲೆ ಅನ್ನ, ಹೆಬ್ಬಾತು, ಗುಡ್ಡ, ಕೊನೆಗೆ ಹೊಸಕೋಟೆ. ವಿಮಾನ ಪೂರ್ತಿ ಬೇಡ. 1,200 ಪದ ಸಾಕು. ಆ ಮನೆಯೊಡತಿಯ ಫೋನ್ ನಂಬರ್ ನಿಮ್ಮ ಹತ್ತಿರ ಇದ್ದರೆ ಒಂದು ಫೋನ್ ಮಾಡಿ. ಲೇಖನದುದ್ದಕ್ಕೂ ಅವರನ್ನು ‘ಆಂಟಿ’ ಅಂದಿದ್ದೀರಿ. ಹೆಸರು ಕೇಳಿ. ಹಾಲುಹಾದಿಗೆ ಅವರ ಮಾತಿನಲ್ಲಿ ಏನನ್ನುತ್ತಾರೆ ಅಂತಲೂ ಕೇಳಿ.

ಮುಂದಿನ ತಿಂಗಳು 20ರೊಳಗೆ ಬಂದರೆ ಅದರ ಮರುಸಂಚಿಕೆಗೆ ನೋಡುತ್ತೇನೆ. ಹಾಲುಹಾದಿಯ ಫೋಟೋ ಬೇಡ, ನಮ್ಮಲ್ಲಿ ಬೇಕಾದಷ್ಟಿವೆ. ಆ ಪರದೆಯದ್ದು ಒಂದಿದ್ದರೆ ಕಳಿಸಿ.

ಸಂಪಾದಕ